ಮೇದಪ್ಪನವರ ಎರಡು ಗುಂಡು

ಮೂರನೆಯ ಶಾಂತಿ ಶಾಸನ ಜಾರಿಯಾದ ಅರುವತ್ತೆರಡನೇ ವರ್ಷ, ಕನ್ಯಾರ್ ತಿಂಗಳ ಹದಿನೇಳು. ನಿಮ್ಮ ಗೋಡೆಯ ಕ್ಯಾಲೆಂಡರಿನ ಲೆಕ್ಕದಲ್ಲಿ 2191ನೇ ಇಸವಿಯ ಅಕ್ಟೋಬರ್ ಮೂರು.

ಪೂಜ್ಯ ಪೆರ್ಕೋಟಂಡ ಚೆಂಗಪ್ಪಜ್ಜನವರಿಗೆ, ಬೊಳ್ಳಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ನೀವು ನನ್ನ ಅಪ್ಪನ ಅಜ್ಜನ ಅಜ್ಜ. ನೀವು ಇದನ್ನು ಓದುವಾಗ ನಿಮಗೆ ನಲವತ್ತು ದಾಟಿರಲಿಕ್ಕಿಲ್ಲ, ನನಗೋ ಅರುವತ್ತನಾಲ್ಕು. ಹಲ್ಲು ಉದುರಿದ ಮುದುಕಿಯೊಬ್ಬಳು ನಿಮ್ಮನ್ನು ಅಜ್ಜ ಎಂದು ಕರೆಯುತ್ತಿದ್ದಾಳೆ, ನಗು ಬಂದರೆ ನಗಿ. ನನ್ನ ಕನ್ನಡದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ನುಸುಳುತ್ತವೆ. ಅವು ನಾವು ಬೇಕೆಂದು ಕಟ್ಟಿಕೊಂಡ ಮಾತುಗಳಲ್ಲ, ಅರ್ಜಿ ನಮೂನೆಗಳಿಂದ ಬಾಯಿಗೆ ಹತ್ತಿದವು. ಅದಕ್ಕಾಗಿ ಕ್ಷಮೆ ಇರಲಿ.

ಇಷ್ಟು ಜನ ಹಿರಿಯರಿರುವಾಗ ನಿಮಗೇ ಏಕೆ ಬರೆಯುತ್ತಿದ್ದೇನೆಂದರೆ, ನಮ್ಮ ಒಕ್ಕದ, ಇಡೀ ಮನೆತನದ, ಜೋಡುನಳಿಗೆ ಕೋವಿಯ ವಿನಾಯಿತಿ ಪತ್ರ ನಿಮ್ಮ ಹೆಸರಿನಲ್ಲಿದೆ. ನಿಮ್ಮ ಕಾಲದಲ್ಲಿ ಆ ಒಂದು ಹಾಳೆ ಪೆಟ್ಟಿಗೆಯಲ್ಲಿದ್ದರೆ ಸಾಕಿತ್ತಂತೆ, ಪರವಾನಗಿ ಬೇಕಿರಲಿಲ್ಲವಂತೆ. ನಮಗೆ ವರ್ಷಕ್ಕೆ ನಾಲ್ಕು ಸಲ ಅರ್ಜಿ ಹಾಕುವುದಿದೆ, ಪ್ರತಿ ಅರ್ಜಿಯಲ್ಲೂ ನಾವು ನಿಮ್ಮ ಕುಡಿಗಳೆಂದು ಸಾಬೀತು ಮಾಡಬೇಕು. ಹೀಗೆ ನಲವತ್ತು ವರ್ಷಗಳಿಂದ ನಿಮ್ಮ ಹೆಸರನ್ನು ನನ್ನ ಹೆಸರಿಗಿಂತ ಹೆಚ್ಚು ಸಲ ಬರೆದಿದ್ದೇನೆ. ಮುಖ ನೋಡದಿದ್ದರೂ ಸಲಿಗೆ ಬೆಳೆದುಬಿಟ್ಟಿದೆ.

ಕೋವಿ ನಮ್ಮದೇ, ಆದರೆ ನಮ್ಮ ಮನೆಯಲ್ಲಿಲ್ಲ. ಮಡಿಕೇರಿಯ ಕೋವಿಮನೆಯಲ್ಲಿದೆ. ಜಿಲ್ಲೆಯ ಕೋವಿಗಳೆಲ್ಲ ಅಲ್ಲಿ ಗಾಜಿನ ಕಪಾಟುಗಳಲ್ಲಿ ನಿಂತಿರುತ್ತವೆ. ಮೂರು ತಿಂಗಳಿಗೊಮ್ಮೆ ಭೇಟಿಯ ದಿನ. ಬೆಳಿಗ್ಗೆ ಚೀಟಿ ಹಿಡಿದು ಸಾಲಿನಲ್ಲಿ ನಿಂತರೆ ಮಧ್ಯಾಹ್ನದ ಹೊತ್ತಿಗೆ ಒಳಗೆ ಬಿಡುತ್ತಾರೆ, ಕೈಗವಸು ಕೊಡುತ್ತಾರೆ, ಹತ್ತು ನಿಮಿಷ ಎಣ್ಣೆ ಹಚ್ಚಿ ಒರೆಸಬಹುದು. ಎತ್ತಿ ಹೆಗಲಿಗೆ ಇಡುವಂತಿಲ್ಲ. ಅಪ್ಪ ಪ್ರತಿ ಸಲವೂ ತಿಂಡಿ ಕಟ್ಟಿಸಿಕೊಂಡು ಹೊರಡುತ್ತಿದ್ದರು, ಹಾಸ್ಟೆಲಿನಲ್ಲಿ ಬಿಟ್ಟ ಮಗುವನ್ನು ನೋಡಲು ಹೋಗುವವರ ಹಾಗೆ. ಕೈಲ್‌ಪೊಳ್ದ್ ಹಬ್ಬಕ್ಕೆ ನಾವು ಆಯುಧಪೂಜೆ ಮಾಡುವುದು ಕೋವಿಯ ಫೋಟೋಕ್ಕೆ. ತೋಕ್‌ಪೂ ಹೂವನ್ನು ಅದರ ಮುಂದೆ ಇಡುತ್ತೇವೆ, ನಳಿಗೆಗೆ ಸಿಕ್ಕಿಸಲು ನಳಿಗೆ ಬೇಕಲ್ಲ.

ಸರ್ಕಾರವನ್ನು ಬಯ್ಯಲು ಈ ಕಾಗದ ಬರೆಯುತ್ತಿಲ್ಲ. ಶಾಸನ ಸುಮ್ಮನೆ ಬಂದದ್ದಲ್ಲ ಎಂದು ನನಗೂ ಗೊತ್ತು. ಗದ್ದೆಯ ಬದುವಿನ ಜಗಳದಲ್ಲಿ ಅಣ್ಣ ತಮ್ಮನನ್ನು ಹೊಡೆದದ್ದು, ಮದುವೆ ಮನೆಯಲ್ಲಿ ಸಂತೋಷಕ್ಕೆ ಹಾರಿಸಿದ ಗುಂಡು ಮದುಮಗಳ ತಂಗಿಗೆ ತಾಗಿದ್ದು, ಎರಡೂ ನಮ್ಮ ಕಡೆಯೇ ಆದವು. ನಮ್ಮವರ ಕೈಯೇ ನೆಟ್ಟಗಿರಲಿಲ್ಲ. ಆದರೆ ಸರ್ಕಾರದವರು ಒಂದೊಂದಾಗಿ ಬಿಗಿದ ಗಂಟುಗಳು ಈಗ ಬಿಗಿದವರಿಗೂ ಬಿಚ್ಚಲು ಬರುವುದಿಲ್ಲ. ಯಾವ ಗಂಟು ಯಾತಕ್ಕೆ ಹಾಕಿದ್ದೆಂದು ಕೋವಿಮನೆಯ ಸಾಹೇಬರಿಗೇ ನೆನಪಿಲ್ಲ.

ಉದಾಹರಣೆಗೆ ಶಾಂತಿಪತ್ರ. ಕೋವಿ ಇರುವ ಮನೆಯವರು ವರ್ಷವಿಡೀ ಯಾರೊಂದಿಗೂ ಜಗಳವಾಡಿಲ್ಲವೆಂದು ಅಕ್ಕಪಕ್ಕದ ಐದು ಮನೆಯವರು ಬರೆದುಕೊಡಬೇಕು. ಆದ್ದರಿಂದ ನಮ್ಮೂರಿನಲ್ಲಿ ಕೋವಿ ಇರುವ ಮನೆ ಯಾವುದೆಂದು ತಿಳಿಯುವುದು ಬಹಳ ಸುಲಭ. ಯಾವ ಮನೆಯಿಂದ ಎತ್ತಿದ ದನಿಯೇ ಕೇಳಿಸುವುದಿಲ್ಲವೋ ಆ ಮನೆ. ಪಕ್ಕದ ಗದ್ದೆಯವನಿಗೆ ಈ ವಿಷಯ ಚೆನ್ನಾಗಿ ಗೊತ್ತು. ವರ್ಷಕ್ಕೊಂದು ಗೇಣಿನಂತೆ ನಮ್ಮ ಬದುವನ್ನು ಒಳಗೆ ತಳ್ಳುತ್ತಾ ಬಂದ. ಅಪ್ಪ ಅವನಿಗೆ ಪ್ರತಿ ಹಬ್ಬಕ್ಕೂ ಕಡುಬು ಕಳಿಸಿದರು. ಕಳಿಸಿ, ಬಾಗಿಲು ಮುಚ್ಚಿಕೊಂಡು, ತಲೆದಿಂಬಿಗೆ ಬಾಯಿಟ್ಟು ಬಯ್ಯುತ್ತಿದ್ದರು. ಮಾನ ಹೋದರೂ ಕೋವಿ ಉಳಿಯಲಿ ಎಂದು ಬದುಕಿದ ಮನುಷ್ಯ ಅವರು.

ಅಷ್ಟೆಲ್ಲ ಯಾತಕ್ಕೆಂದು ಕೇಳುತ್ತೀರಾ? ಬೇಟೆ ಎಂಬ ಮಾತು ನಾಲಗೆಯಿಂದಲೇ ಹೋಗಿದೆ. ಗಂಡು ಮಗು ಹುಟ್ಟಿದರೆ ಹಾರಿಸುತ್ತಿದ್ದ ಒಂದು ಗುಂಡು ನನ್ನ ಅಜ್ಜನ ಕಾಲಕ್ಕೇ ನಿಂತಿತು. ಉಳಿದದ್ದು ಸಾವಿನ ಎರಡು ಗುಂಡು ಮಾತ್ರ. ಮನೆಯಲ್ಲಿ ಒಬ್ಬರು ತೀರಿಕೊಂಡರೆ ಅಂಗಳದಲ್ಲಿ ನಿಂತು ಎರಡು ಹಾರಿಸುವುದು, ಅದನ್ನು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುವುದು. ಇದು ನಿಮಗೆ ನಾನು ಹೇಳಿಕೊಡಬೇಕಾದದ್ದಲ್ಲ. ಗುಂಡಿಲ್ಲದೆ ಹೋದವರನ್ನು ನಮ್ಮ ಕಡೆ ಈಗ ಒಂದು ಕೆಟ್ಟ ಮಾತಿನಿಂದ ಕರೆಯುತ್ತಾರೆ. ಅದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ಅಪ್ಪನಿಗೆ ಬದುಕಿನಲ್ಲಿ ಉಳಿದಿದ್ದ ಒಂದೇ ಆಸೆ, ತನಗೆ ಆ ಎರಡು ಗುಂಡು ಸಿಗಬೇಕೆಂಬುದು.

ಆ ಎರಡು ಗುಂಡಿಗೆ ಸದ್ದುಚೀಟಿ ಬೇಕು. ಹೆಸರೇ ಹೇಳುವಂತೆ, ಇಂತಿಂಥ ದಿನ ಇಂತಿಷ್ಟು ಸದ್ದು ಮಾಡಲು ಅನುಮತಿ. ಸಿಕ್ಕರೆ ಕೋವಿಮನೆಯಿಂದ ಜೊತೆಗಾತಿಯೊಬ್ಬಳು ಕೋವಿಯನ್ನೂ ಎರಡು ತೋಟೆಯನ್ನೂ ಹೊತ್ತು ಬರುತ್ತಾಳೆ, ಹಾರಿಸಿದ ಮೇಲೆ ಖಾಲಿ ತೋಟೆಯ ಸಮೇತ ತೆಗೆದುಕೊಂಡು ಹೋಗುತ್ತಾಳೆ. ಅರ್ಜಿಯನ್ನು ಇಪ್ಪತ್ತೊಂದು ದಿನ ಮೊದಲು ಕೊಡಬೇಕು. ಹೌದು ಅಜ್ಜ, ಸಾಯುವುದಕ್ಕೆ ಇಪ್ಪತ್ತೊಂದು ದಿನ ಮೊದಲು. ಆಸ್ಪತ್ರೆಯ ಯಂತ್ರದಿಂದ ಆಯಸ್ಸಿನ ಅಂದಾಜು ತಂದು, ಅದರ ಮೇಲೆ ಮನೆಯ ಹಿರಿಯರು ತಮ್ಮ ಸಾವಿನ ತಾರೀಖನ್ನು ತಾವೇ ಬರೆದು ಹೆಬ್ಬೆಟ್ಟು ಒತ್ತಬೇಕು. ಇದಕ್ಕೆ ನಾವು ದಿನ ಕೊಡುವುದು ಎನ್ನುತ್ತೇವೆ. ಆ ದಿನ ಸಂಜೆ ಐದರೊಳಗೆ ಗುಂಡು ಹಾರದಿದ್ದರೆ, ಇವರಿಗೆ ಕೋವಿಯ ಅಗತ್ಯವೇ ಇಲ್ಲವೆಂದು ಅರ್ಥ. ಕೋವಿಯ ಬಾಯಿ ಮುಚ್ಚುತ್ತಾರೆ. ಅಂದರೆ ಎರಡು ನಳಿಗೆಗೂ ಸೀಸ ಕಾಯಿಸಿ ಹೊಯ್ಯುತ್ತಾರೆ.

ಮರ್ಯಾದಸ್ಥರು ದಿನ ತಪ್ಪಿಸುವುದಿಲ್ಲ ಎಂಬುದು ನಮ್ಮಲ್ಲಿ ಗಾದೆಯಾಗಿದೆ. ಹೇಗೆ ತಪ್ಪಿಸುವುದಿಲ್ಲವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹತ್ತು ದಿನ ಇರುವಾಗ ಊಟ ಕಡಿಮೆ ಮಾಡುತ್ತಾರೆ, ನಾಲ್ಕು ದಿನ ಇರುವಾಗ ನೀರು. ಮನೆಯವರು ಕಂಡೂ ಕಾಣದಂತೆ ಇರುತ್ತಾರೆ. ನನ್ನ ಅವ್ವ ಹಾಗೆಯೇ ಹೋದರು, ಕೊಟ್ಟ ದಿನ ಮಧ್ಯಾಹ್ನ ಮೂರಕ್ಕೆ. ಊರೆಲ್ಲ ಹೊಗಳಿತು. ಆಗ ನಾನು ಗಂಜಿಯ ಬಟ್ಟಲನ್ನು ಅವರ ಪಕ್ಕದಲ್ಲಿಟ್ಟು ಹೊರಗೆ ಹೋಗಿ ಕೂತಿದ್ದೆ, ತಣ್ಣಗಾದ ಮೇಲೆ ತೆಗೆದುಕೊಂಡು ಬಂದಿದ್ದೆ. ಅದಕ್ಕಾಗಿ ನನ್ನನ್ನು ನಾನೇ ಇವತ್ತಿಗೂ ಕ್ಷಮಿಸಿಲ್ಲ.

ಈ ವರ್ಷ ಯಂತ್ರ ಅಪ್ಪನಿಗೆ ಮೂರು ವಾರ ಎಂದಿತು. ತೊಂಬತ್ತೊಂದರ ಅಪ್ಪ ಕನ್ಯಾರ್ ಐದು ಎಂದು ದಿನ ಕೊಟ್ಟರು, ಮದುವೆಗೆ ಮುಹೂರ್ತ ಇಟ್ಟವರಂತೆ ಊರಿಗೆಲ್ಲ ಹೇಳಿಕೊಂಡು ಬಂದರು. ಒಂದು ವಾರ ಕಳೆಯುವಷ್ಟರಲ್ಲಿ ಅವರ ತಟ್ಟೆಯ ಅನ್ನ ಕಿಟಕಿಯಿಂದಾಚೆ ಕೋಳಿಗಳಿಗೆ ಹೋಗುತ್ತಿರುವುದು ನನಗೆ ಕಂಡಿತು. ಅವ್ವನ ಬಟ್ಟಲು ನೆನಪಾಯಿತು. ಈ ಸಲ ಆಗುವುದಿಲ್ಲ ಎಂದು ಹಟ ಹಿಡಿದೆ. ಎದುರು ಕೂತು, ಗಲ್ಲ ಹಿಡಿದು, ತುತ್ತು ತುತ್ತಾಗಿ ಉಣ್ಣಿಸಿದೆ. ಅವರು ಬಾಯಿ ಬಿಗಿದರೆ ನಾನೂ ಉಪವಾಸ ಮಲಗುತ್ತೇನೆಂದು ಹೆದರಿಸಿದೆ. ಶಾಂತಿಪತ್ರದ ಮನೆಯಾದ್ದರಿಂದ ಇದೆಲ್ಲವೂ ಪಿಸುಮಾತಿನಲ್ಲೇ ನಡೆಯಿತು. ಅಪ್ಪ ಉಂಡರು. ಯಂತ್ರದ ಮಾತು ಸುಳ್ಳಾಯಿತು, ಕೆನ್ನೆಗೆ ಬಣ್ಣ ಬಂತು. ನಾನು ಗೆದ್ದೆ ಅಜ್ಜ. ಗೆದ್ದು ಏನು ಮಾಡಿದೆನೆಂದು ಮುಂದೆ ಓದಿ.

ಐದನೇ ತಾರೀಖು ಬೆಳಿಗ್ಗೆ ಜೊತೆಗಾತಿ ಕೋವಿ ಹೊತ್ತು ಬಂದಳು. ಹುಲಿಗೆಮ್ಮ ಎಂದು ಹೆಸರು, ಕೊಪ್ಪಳದ ಕಡೆಯವಳು, ಕೆಲಸಕ್ಕೆ ಸೇರಿ ವರ್ಷವಾಗಿಲ್ಲ. ಜಗಲಿಯಲ್ಲಿ ಕೂತಿದ್ದ ಅಪ್ಪನನ್ನು ನೋಡಿ ನಿಂತಲ್ಲೇ ನಿಂತಳು. "ಅಜ್ಜಾರು ಕುಂತು ಚಾ ಕುಡಿಯಾಕತ್ತಾರಲ್ರಿ!" ಎಂದಳು. ಅಪ್ಪನಿಗೆ ನಾಚಿಕೆಯಾಯಿತು. ಲೋಟ ಬೆನ್ನ ಹಿಂದೆ ಇಟ್ಟುಕೊಂಡರು. ಹುಡುಗಿ ನಿಯಮ ಮರೆತು ಕೋವಿಯನ್ನು ಅವರ ತೊಡೆಯ ಮೇಲಿಟ್ಟಳು. ಅವರು ಗಂಟೆಗಟ್ಟಲೆ ಅದನ್ನು ಸವರುತ್ತ ಕೂತರು. ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ಹಾರಿಸಿಬಿಡು ಮಗಳೇ, ನಾನು ಒಳಗೆ ಕಣ್ಣು ಮುಚ್ಚಿ ಮಲಗ್ತೇನೆ. ಸತ್ತ ಮೇಲೆ ಹಾರಿಸಿದ್ರೆ ನಂಗೆ ಕೇಳ್ತದಾ? ಈಗಾದ್ರೆ ಕೇಳ್ತದೆ" ಎಂದರು. ಬದುಕಿರುವವರಿಗೆ ಸಾವಿನ ಗುಂಡು ಹಾರಿಸುವುದು ಸುಳ್ಳುಸದ್ದು, ಏಳು ವರ್ಷದ ಶಿಕ್ಷೆ. ನಾನು ಆ ನಿಯಮವನ್ನು ಅವರಿಗೆ ಓದಿ ಹೇಳಿದೆ. ತಂದೆಯ ಮುಖ ನೋಡುವ ಬದಲು ಪುಸ್ತಕ ನೋಡಿ ಓದಿದೆ.

ನಾಲ್ಕು ಗಂಟೆಗೆ ಹುಲಿಗೆಮ್ಮ ಎದ್ದಳು. ಎರಡೂ ತೋಟೆಗಳನ್ನು ಕೋವಿಗೆ ತುಂಬಿ ಜಗಲಿಯ ಕಂಬಕ್ಕೆ ಒರಗಿಸಿದಳು. "ಅಕ್ಕಾರ, ನಾ ಸ್ವಲ್ಪ ಹಿತ್ತಲದಾಗ ಅಡ್ಡಾಡಿ ಬರ್ತೀನ್ರಿ, ತಡ ಆಗ್ತದ" ಎಂದು ಹೊರಟೇಹೋದಳು. ನಾನೇನು ಮಾಡಿದೆ ಗೊತ್ತೆ? ತುಂಬಿದ ಕೋವಿಯನ್ನು ಒಂಟಿಯಾಗಿ ಬಿಡಬಾರದೆಂಬ ಹದಿನಾಲ್ಕನೇ ನಿಯಮ ನೆನಪಾಗಿ ಹಿತ್ತಿಲಿಗೆ ಓಡಿ ಅವಳನ್ನು ಕರೆದೆ. ಕೇಳಿಸದವಳಂತೆ ಬೆನ್ನು ಹಾಕಿ ನಿಂತಿದ್ದಳು. ಇನ್ನೂ ಜೋರಾಗಿ ಕರೆದೆ. ನಲವತ್ತು ವರ್ಷದಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಅವಳು ತಿರುಗಿ ನನ್ನ ಮುಖವನ್ನೇ ನೋಡಿದಳು, ಬಂದು ತೋಟೆ ತೆಗೆದಳು. ಐದು ಹೊಡೆಯಿತು. ಅಪ್ಪ ಕೋವಿಯ ಹಿಂದೆ ಗೇಟಿನವರೆಗೆ ನಡೆದು ಹೋದರು. ಮರುದಿನ ಕೋವಿಯ ಬಾಯಿ ಮುಚ್ಚಿದರೆಂದು ತಿಳುವಳಿಕೆ ಬಂತು.

ಆಮೇಲೆ ಅಪ್ಪ ಒಂಬತ್ತು ದಿನ ಬದುಕಿದ್ದರು. ನಾನು ಉಣ್ಣಿಸಿದಷ್ಟನ್ನೂ ಸುಮ್ಮನೆ ಉಂಡರು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಹದಿನಾಲ್ಕರ ಬೆಳಿಗ್ಗೆ ಕಾಫಿ ಹಿಡಿದು ಹೋದಾಗ ತೀರಿಹೋಗಿದ್ದರು. ಅಂಗಳಕ್ಕೆ ಬಂದು ನಿಂತೆ, ಏನು ಮಾಡಬೇಕೆಂದು ತಿಳಿಯಲಿಲ್ಲ. ಮನೆಮನೆಗೆ ನಡೆದು ಹೋಗಿ ನಾನೇ ಹೇಳಬೇಕಾಯಿತು. "ಗುಂಡು ಕೇಳಲಿಲ್ಲವಲ್ಲ" ಎಂದರು ಎಲ್ಲರೂ, ನನ್ನ ಮಾತಿನಲ್ಲಿ ನಂಬಿಕೆ ಸಾಲದವರಂತೆ. ಸಂಸ್ಕಾರಕ್ಕೆ ಹನ್ನೊಂದು ಜನ ಬಂದರು. ಬದು ತಳ್ಳಿದವನು ಬರಲಿಲ್ಲ.

ಹುಲಿಗೆಮ್ಮ ಬಂದಳು, ರಜೆ ಹಾಕಿ, ಬರಿಗೈಯಲ್ಲಿ. ಎಲ್ಲರೂ ಹೋದ ಮೇಲೆ ನನ್ನ ಪಕ್ಕದಲ್ಲಿ ಕೂತು ಅತ್ತಳು. "ತಪ್ಪಿ ಹಾರಿತು ಅಂತ ಬರದುಬಿಡ್ತಿದ್ದೆನ್ರಿ ಅಕ್ಕಾರ. ನಿಮ್ಮ ಸಲುವಾಗೇ ಹೊಳ್ಳಿ ನಿಂತಿದ್ದೆ. ಯಾಕ ಹಾರಸಲಿಲ್ರಿ?" ಎಂದು ಕೇಳಿದಳು.

ಅವಳು ಬಾಗಿಲು ತೆರೆದಿಟ್ಟಿದ್ದಳು, ನಾನೇ ಹೋಗಿ ಚಿಲಕ ಹಾಕಿದೆ. ಕೋವಿಯ ಬಾಯಿಗೆ ಸೀಸ ಹೊಯ್ದದ್ದು ಮೊನ್ನೆ, ನನಗೆ ಯಾವತ್ತೋ ಹೊಯ್ದಾಗಿತ್ತು. ನಾನು ಮದುವೆಯಾಗಲಿಲ್ಲ, ಒಕ್ಕದಲ್ಲಿ ನನ್ನ ನಂತರ ಯಾರೂ ಇಲ್ಲ. ನನಗೆ ದಿನ ಕೊಡುವ ಯೋಚನೆಯೂ ಇಲ್ಲ. ಶಾಸನ ಬದಲಾಗುತ್ತದೆ ಎಂಬ ಆಸೆ ಇಟ್ಟುಕೊಂಡವರು ನಮ್ಮೂರಿನಲ್ಲಿ ಒಬ್ಬರೂ ಉಳಿದಿಲ್ಲ. ನೀವು ಈಗಲೇ ಹುಷಾರಾಗಿದ್ದರೆ ಇದೆಲ್ಲ ತಪ್ಪುತ್ತದೆ ಎಂದು ಬರೆಯಲು ಹೊರಟಿದ್ದೆ, ಅದರಲ್ಲೂ ನನಗೆ ನಂಬಿಕೆಯಿಲ್ಲ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ಕೋವಿ ಇನ್ನೂ ನಿಮ್ಮ ಕೈಯಲ್ಲಿದೆ, ಅದರ ಬಾಯಿ ತೆರೆದಿದೆ, ಅಂಗಳದಲ್ಲಿ ನಿಂತು ಸಾವಿನ ಗುಂಡು ಹಾರಿಸಲು ನೀವು ಯಾರಿಗೂ ತಾರೀಖು ಕೊಡಬೇಕಾಗಿಲ್ಲ. ಒಂದು ಬೆಳಿಗ್ಗೆ ಜನ ಜಾನುವಾರು ಎದುರಿಗಿಲ್ಲವೆಂದು ನೋಡಿಕೊಂಡು, ನಳಿಗೆಯನ್ನು ಆಕಾಶಕ್ಕೆ ಎತ್ತಿ, ಪೆರ್ಕೋಟಂಡ ಮೇದಪ್ಪ ಎಂದು ನನ್ನ ಅಪ್ಪನ ಹೆಸರು ಹೇಳಿ ಎರಡು ಗುಂಡು ಹಾರಿಸಿ. ಊರವರು ಕೆಲಸ ಬಿಟ್ಟು ಓಡಿ ಬರುತ್ತಾರೆ, ಯಾರು ಹೋದರು ಎಂದು ಕೇಳುತ್ತಾರೆ. ಅವರಿನ್ನೂ ಹುಟ್ಟಿಲ್ಲ ಎಂದು ಹೇಳಿ.

ನಿಮ್ಮ ಕುಡಿ,
ಬೊಳ್ಳಮ್ಮ