ಅಳಿಲನ್ನು ಒಂದು ಮಾತು ಕೇಳಿ

ಭಾನುವಾರ, ಮಧ್ಯಾಹ್ನ

ಅಳಿಲಿನ ಅಪ್ಪನಿಗೆ ನಮಸ್ಕಾರ.

ಮೊನ್ನೆ ನಿಮ್ಮ ಫೋನ್ ಬಂದಾಗ ನಾನು ಸರಿಯಾಗಿ ಮಾತಾಡಲಿಲ್ಲ. ಹಲ್ಲು ಕಟ್ಟುವ ಲ್ಯಾಬಿನಲ್ಲಿದ್ದೆ. ಯಾರದೋ ಕೆಳದವಡೆಯ ಅಚ್ಚು ಕೈಯಲ್ಲಿತ್ತು, ಪಕ್ಕದಲ್ಲಿ ಕಟ್ಟಿದ ಹಲ್ಲನ್ನು ಉಜ್ಜಿ ನುಣುಪು ಮಾಡುವ ಮೆಷಿನ್ ಸದ್ದು ಬೇರೆ. ಇಷ್ಟು ವರ್ಷದ ಮೇಲೆ ನಿಮ್ಮ ದನಿ ಕೇಳಿ ಹೂಂ, ಹೂಂ ಎಂದು ಫೋನ್ ಇಟ್ಟುಬಿಟ್ಟೆ. ಆ ಹೂಂ ಅನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಅದಕ್ಕೇ ಈ ಕಾಗದ.

ರಜೆಗೆ ಮಗುವನ್ನು ಕಳಿಸು ಅಂದಿರಿ. ನೀವಿರುವ ಊರಿನಲ್ಲಿ ದೊಡ್ಡ ಸರ್ಜನ್ ಇದ್ದಾರೆ, ಒಂದೇ ಆಪರೇಷನ್‌ಗೆ ಎಲ್ಲ ಸರಿಹೋಗುತ್ತದೆ, ತಂದೆಯ ಸಹಿ ಸಾಕಂತೆ ಅಂದಿರಿ. ಮೊದಲನೆಯ ಮಾತಿಗೆ ನಿಲ್ಲಿಸಿದ್ದರೆ ನಾನೇ ಬಟ್ಟೆ ಇಸ್ತ್ರಿ ಮಾಡಿ ಕಳಿಸುತ್ತಿದ್ದೆ. ಎರಡನೆಯದನ್ನು ಕೇಳಿದ ಮೇಲೆ ಕಳಿಸುವುದಿಲ್ಲ.

ಅಳಿಲು ಹುಟ್ಟಿದ ವಾರ ನೆನಪಿರಬೇಕು ನಿಮಗೆ. ಡಾಕ್ಟರು ಮಂಚದ ಪಕ್ಕ ನಿಂತು, "ಗಂಡೋ ಹೆಣ್ಣೋ ಖಚಿತವಾಗಿ ಹೇಳೋಕಾಗಲ್ಲ. ಈಗಲೇ ಹೆಣ್ಣು ಅಂತ ಮಾಡಿ ಮುಗಿಸೋಣ, ನಾಳಿದ್ದು ಆಪರೇಷನ್‌ಗೆ ದಿನ ಗೊತ್ತುಮಾಡಿದೀವಿ, ಮಗುಗೆ ನೆನಪೂ ಇರಲ್ಲ" ಅಂದರು. ಕಾಯಿಲೆ ಏನಾದರೂ ಇದೆಯಾ, ಉಚ್ಚೆ ಹೊಯ್ಯಲು ತೊಂದರೆಯಾ ಎಂದು ಕೇಳಿದೆ. ಏನೂ ಇಲ್ಲ ಅಂದರು. ಹಾಗಾದರೆ ಯಾತಕ್ಕೆ ಕುಯ್ಯಬೇಕು ಅಂದೆ. ಅವರು ನಿಮ್ಮ ಮುಖ ನೋಡಿದರು. ನೀವು ನೆಲ ನೋಡುತ್ತಾ, "ನಾಲ್ಕು ಜನಕ್ಕೆ ನಾನು ಏನಂತ ಹೇಳ್ಲಿ?" ಅಂದಿರಿ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಬಂದೆ. ನೀವೂ ಹಿಂದೆಯೇ ಬಂದಿರಿ ಅನ್ನಿ. ಏಳೆಂಟು ತಿಂಗಳಿಗೆ ಮೂಡಿದ ಅದರ ಮುಂದಿನೆರಡು ಹಲ್ಲು ನೋಡಿ ಅಳಿಲು, ಅಳಿಲು ಎಂದು ಕರೆದವರೂ ನೀವೇ. ಆಮೇಲೆ ಬಂದರಿನ ಕೆಲಸ ಎಂದು ಹೊರಟಿರಿ. ಮೊದಮೊದಲು ರಜೆ ಸಿಗಲಿಲ್ಲ. ಕೊನೆಗೆ ನೀವೇ ಸಿಗಲಿಲ್ಲ.

ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನಾನು ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಎತ್ತಿಕೊಂಡವರು ಬಟ್ಟೆ ಬದಲಿಸಿಬಿಟ್ಟರೆ ಎಂಬ ಭಯ. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು, "ಸ್ವಲ್ಪ ಹೊತ್ತು ನಂಗೆ ಕೊಡಿ, ನೀವು ನೆಮ್ಮದಿಯಾಗಿ ತಲೆಗೆ ನೀರು ಹಾಕ್ಕೊಳ್ಳಿ" ಅಂದಳು. ಮಗು ಮಲಗಿದೆ ಅಂದೆ. ಒಳಗೆ ಅದು ಕಿರುಚುತ್ತಿತ್ತು. ಆಕೆ ಮತ್ತೆ ಬರಲಿಲ್ಲ. ಊರಿನವರ ಬಾಯಿಗೆ ಹಲ್ಲು ಕಟ್ಟುವ ನಾನು, ಅದೇ ಬಾಯಿಗಳಿಗೆ ಹೆದರಿ ಬಾಗಿಲು ಹಾಕಿಕೊಂಡೆ. ಎದುರಿಗೆ ಕೂರುವವರಿಲ್ಲದೆ ಒಲೆಯ ಪಕ್ಕ ನಿಂತುಕೊಂಡೇ ಉಣ್ಣುವುದು ರೂಢಿಯಾಯಿತು. ಈಗಲೂ ಹಾಗೆಯೇ ಉಣ್ಣುತ್ತೇನೆ, ಅಳಿಲು ಬೈಯುತ್ತದೆ.

ಪೇಪರಿನಲ್ಲಿ ನನ್ನ ಫೋಟೋ ನೋಡಿಯೇ ನೀವು ಫೋನ್ ಮಾಡಿದ್ದು ಎಂದು ಗೊತ್ತು. ಆ ಸಭೆಯಲ್ಲಿ ಏನಾಯಿತೆಂದು ನನ್ನಿಂದಲೇ ಕೇಳಿ. ಅಂತರಲಿಂಗಿ ಮಕ್ಕಳಿಗೆ, ಅಂದರೆ ಅಳಿಲಿನ ಹಾಗೆ ಹುಟ್ಟಿದವರಿಗೆ, ಪ್ರಾಣಾಪಾಯ ಇದ್ದರೆ ಬೇರೆ ಮಾತು, ಇಲ್ಲದಿದ್ದರೆ ಅವರೇ ತಿಳಿದು ಒಪ್ಪುವ ವಯಸ್ಸಿನ ತನಕ ಇಂಥ ಆಪರೇಷನ್ ಮಾಡಕೂಡದು ಎಂಬ ಕಾನೂನಿಗಾಗಿ ಸರಕಾರದ ಒಂದು ಸಮಿತಿ ಜನರನ್ನು ಕರೆದು ಕೇಳುತ್ತಿತ್ತು. ಹೋಗಲಾ ಎಂದು ಮೊದಲು ಅಳಿಲನ್ನು ಕೇಳಿದೆ. ಅದು ಯೋಚನೆ ಮಾಡಿ, "ನನ್ ಹೆಸರು ಹೇಳ್ಬೇಡ. ಲೆಕ್ಕದಲ್ಲಿ ಫಸ್ಟು ಅಂತ ಬೇಕಾದ್ರೆ ಹೇಳು" ಎಂದಿತು. ಫಸ್ಟೇನೂ ಅಲ್ಲ. ಆದರೂ ಹೇಳಿದೆ.

ಒಬ್ಬ ಸರ್ಜನ್ ಮೈಕಿನ ಮುಂದೆ, "ತಂದೆತಾಯಿನೇ ಕೈಮುಗಿದು ಕೇಳ್ತಾರೆ, ನಾವೇನು ಮಾಡೋಣ?" ಅಂದರು. ಆಗ ಎದ್ದೆ. "ನಾನು ತಾಯಿ. ಬೇಡ ಅಂದಿದ್ದೆ. ನನ್ನ ಕೇಳೋಕೆ ಬರೋ ಹೊತ್ತಿಗೆ ಆಪರೇಷನ್‌ಗೆ ದಿನ ಗೊತ್ತುಮಾಡಿ ಆಗಿತ್ತು" ಅಂದೆ. ಅಧ್ಯಕ್ಷರು, ಮಾಡಿಸದೆ ಇದ್ದುದರಿಂದ ಮಗುವಿಗೆ ಏನು ತೊಂದರೆಯಾಯಿತು ಎಂದು ಕೇಳಿದರು. "ಮಗುಗೆ ಏನೂ ಆಗಿಲ್ಲ ಸರ್. ನಮ್ಮ ಮನೆಗೆ ಯಾರೂ ಬರಲ್ಲ, ಅಷ್ಟೇ" ಅಂದೆ. ಯಾರೋ ಕೆಮ್ಮಿದರು. ಮುಂದಿನವರನ್ನು ಕರೆದರು.

ಹೊರಗೆ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದೆ. ವಯಸ್ಸಾದ ಒಬ್ಬರು ಬಂದು ಸ್ವಲ್ಪ ದೂರದಲ್ಲಿ ಕೂತರು. ಬಸ್ ಕಂಡಕ್ಟರಾಗಿದ್ದವರಂತೆ. ಚಿಕ್ಕಂದಿನಲ್ಲಿ ಅವರನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಒಯ್ದರಂತೆ, ಏಕೆಂದು ಮನೆಯವರು ಹೇಳಲಿಲ್ಲ. ಕಲಿಯುವ ಹುಡುಗರು ಗುಂಪಾಗಿ ಬಂದು ಹೊದಿಕೆ ಎತ್ತಿ ನೋಡುತ್ತಿದ್ದರಂತೆ. ಕುಯ್ದ ಗಾಯದ ಜಾಗ ಈಗಲೂ ಚಳಿಗೆ ಎಳೆಯುತ್ತದಂತೆ. "ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲಮ್ಮ. ಇವತ್ತು ಹೇಳೋಣ ಅಂತ ಬಂದೆ. ಮೈಕ್ ತನಕ ಹೋಗಿ ವಾಪಸ್ ಬಂದೆ" ಅಂದರು. ಅಳಿಲಿನ ಫೋಟೋ ಕೇಳಿದರು. ಬಹಳ ಹೊತ್ತು ನೋಡಿ, "ಹಲ್ಲು ಉಬ್ಬಿದೆ. ಅದನ್ನ ಸರಿ ಮಾಡ್ಸೋದಾದ್ರೂ ಮಗುನ ಕೇಳಿ ಮಾಡ್ಸು" ಎಂದು ನಕ್ಕರು. ನಾನೂ ನಕ್ಕೆ. ಬುತ್ತಿಯಲ್ಲಿ ಅರ್ಧ ಕೊಟ್ಟೆ. ಬೇರೆಯವರ ಜೊತೆ ಕೂತು ಉಂಡು ಎಷ್ಟು ಕಾಲವಾಗಿತ್ತೋ.

ಕಾನೂನು ಇನ್ನೂ ಆಗಿಲ್ಲ. ಆಗುತ್ತದೆಂದು ನನಗೆ ಯಾರೂ ಮಾತು ಕೊಟ್ಟಿಲ್ಲ. ಪೇಪರಿನಲ್ಲಿ ಫೋಟೋ ಬಂದ ಮೇಲೆ ಲ್ಯಾಬಿನವರು ಟೀ ಹೊತ್ತಿಗೆ ನನ್ನನ್ನು ಕರೆಯುವುದನ್ನು ಬಿಟ್ಟಿದ್ದಾರೆ. ಇರಲಿ. ನಿಮ್ಮ ಫೋನಿನ ವಿಷಯ ಆ ಸಭೆಗೆ ಬಂದಿದ್ದ ಒಬ್ಬ ವಕೀಲೆಗೆ ತಿಳಿಸಿದ್ದೇನೆ, ಬೆನ್ನ ಹಿಂದೆ ಮಾಡಿದಳು ಅನ್ನಬೇಡಿ. ಶಾಲೆಗೂ ಹೇಳಿದ್ದೇನೆ. ಮಗುವನ್ನು ನೋಡಬೇಕು ಅನ್ನಿಸಿದರೆ ಇಲ್ಲಿಗೆ ಬನ್ನಿ. ಬೀದಿ ಸುತ್ತಿಸಿ, ಸೈಕಲ್ ಕಲಿಸಿ, ನನಗೆ ಕಲಿಸಲು ಬರುವುದಿಲ್ಲ. ಸರ್ಜನ್ ವಿಳಾಸ ಮಾತ್ರ ಜೇಬಿನಲ್ಲಿ ತರಬೇಡಿ.

ಆರೋಗ್ಯ ನೋಡಿಕೊಳ್ಳಿ.

ಇತಿ,
ಅಳಿಲಿನ ಅಮ್ಮ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಅದರ ಮೈಯ ವಿಚಾರ ಅದರಿಂದಲೇ ಮುಚ್ಚಿಡಬಾರದು ಅನ್ನಿಸಿ, ನೀವು ಫೋನಿನಲ್ಲಿ ಹೇಳಿದ ಆಪರೇಷನ್ ಮಾತನ್ನು ಅಳಿಲಿಗೆ ತಿಳಿಸಿದೆ. ಶೂ ಲೇಸು ಕಟ್ಟಿಕೊಳ್ಳುತ್ತಿತ್ತು. ತಲೆ ಎತ್ತದೆ ಕೇಳಿತು: "ಮಾಡಿಸ್ಕೊಂಡ್ರೆ ಅಪ್ಪ ಮನೆಗೆ ಬರ್ತಾರಾ? ಹಂಗಿದ್ರೆ ಮಾಡಿಸ್ಕೋತೀನಿ." ಬಗ್ಗಿ ಇನ್ನೊಂದು ಶೂವಿನ ಲೇಸು ನಾನೇ ಕಟ್ಟಿದೆ. ಅದರ ಪ್ರಶ್ನೆಗೆ ಉತ್ತರ ನೀವೇ ಬರೆಯಿರಿ. ನನಗಲ್ಲ, ಅದಕ್ಕೆ. ಓದಲು ಚೆನ್ನಾಗಿ ಬರುತ್ತದೆ.