ಮೊದಲೇ ಹಾಗಿತ್ತು

ಭಾನುವಾರ, ಹದಿನಾಲ್ಕನೇ ತಾರೀಕು

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಪತ್ರ ಬಂದು ಮೂರು ವಾರವಾಯಿತು. ಶಾಲೆಯ ಯೂನಿಫಾರಂ ಹೊಲಿಯುವ ಕಾಲ, ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ ಎಂದು ಬರೆದರೆ ನೀನು ನಂಬುತ್ತೀಯ. ಆದರೆ ಅದು ನೆಪ. ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಬರೆಯುವ ಧೈರ್ಯವಿರಲಿಲ್ಲ.

ನಿನ್ನಪ್ಪ ಚೆನ್ನಾಗಿದ್ದಾರೆ. ಮಂಡಿನೋವಿಗೆ ಡಾಕ್ಟರು ನಡೆಯಿರಿ ಅಂದರೆ, ಇವರು ನನ್ನ ಅಂಗಡಿಯವರೆಗೆ ನಡೆದು, ಬೆಂಚಿನ ಮೇಲೆ ಕೂತು ಗಿರಾಕಿಗಳಿಗೆ ಬುದ್ಧಿ ಹೇಳುತ್ತಾರೆ. ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿದ್ದೂ ಅವರೇ. ಪುಟ್ಟಿ ಹೂಜಿ ಒಡೆದು, "ಮೊದಲೇ ಹಾಗಿತ್ತು" ಅಂದಳು, ಆರು ವರ್ಷಕ್ಕೇ ಈ ಸುಳ್ಳು ಎಲ್ಲಿಂದ ಕಲಿತಳೋ, ನೀನೇ ಅವಳಿಗೆ ಬುದ್ಧಿ ಹೇಳಮ್ಮ ಎಂದು ಬರೆದಿದ್ದೆಯಲ್ಲ, ಅಲ್ಲಿಗೆ ಬಂದಾಗ ನಕ್ಕುಬಿಟ್ಟರು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಪುಟ್ಟಿ ಅವಳಮ್ಮನಿಂದ ಕಲಿತಿರ್ತಾಳೆ. ಅವಳಮ್ಮ ಯಾರಿಂದ ಕಲಿತಳೋ!" ಅಂದರು. ಅಂದದ್ದು ತಮಾಷೆಗೆ. ನನ್ನ ಕತ್ತರಿ ಮಾತ್ರ ಗೆರೆ ತಪ್ಪಿತು.

ಆಗ ನಿನಗೂ ಆರು ವರ್ಷ. ನೀನು ಮಷೀನಿನ ಪಕ್ಕ ಸ್ಟೂಲಿನ ಮೇಲೆ ಕೂತು ಗುಂಡುಸೂಜಿಯ ಡಬ್ಬಿ ಹಿಡಿದಿರುತ್ತಿದ್ದೆ. ಕೊನೆಮನೆಯ ನರ್ಸಮ್ಮ ತೀರಿಹೋದ ಗಂಡನ ಕೋಟನ್ನು ತಾವು ಹಾಕಿಕೊಳ್ಳಲೆಂದು ಸಣ್ಣ ಮಾಡಲು ಕೊಟ್ಟಿದ್ದರು. ಹರಟೆಯ ಗುಂಗಿನಲ್ಲಿ ನಾನು ಇಸ್ತ್ರಿಪೆಟ್ಟಿಗೆಯನ್ನು ಕಾಲರಿನ ಮೇಲೇ ಬಿಟ್ಟೆ. ಸುಟ್ಟಿತು. ಅವರು ಬಂದಾಗ, "ಬಟ್ಟೆ ಹಳೇದಲ್ವಾ ನರ್ಸಮ್ಮ, ಮೊದಲೇ ಹಾಗಿತ್ತು" ಅಂದೆ. ಅವರು ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಕೋಟು ಮಡಿಸಿಕೊಂಡು ಹೊರಟುಹೋದರು. ನೀನು ಕೋಟಿನ ಕಡೆ ನೋಡಲೇ ಇಲ್ಲ, ನನ್ನ ಮುಖ ನೋಡುತ್ತಿದ್ದೆ. ನಿನಗೆ ಗುಂಡಿಗೆ ಕಾಜಾ ಹಾಕಲು ಕಲಿಸಲು ನನಗೆ ಒಂದು ತಿಂಗಳು ಹಿಡಿದಿತ್ತು. ಇದನ್ನು ಒಂದೇ ಮಾತಿನಲ್ಲಿ ಕಲಿಸಿಬಿಟ್ಟೆ.

ಹೋದ ವಾರ ನರ್ಸಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಈಗ ಅವರಿಗೆ ಎಂಬತ್ತು ದಾಟಿದೆ. "ಗೊತ್ತಿತ್ತು ಕಣಮ್ಮ, ಸುಟ್ಟ ವಾಸನೆ ಇನ್ನೂ ಬರ್ತಿತ್ತು. ಮಗು ಎದುರಿಗೆ ನಿನ್ನ ಮರ್ಯಾದೆ ತೆಗೆಯೋದು ಬೇಡ ಅಂತ ಸುಮ್ಮನಾದೆ" ಅಂದರು. ಇಷ್ಟು ವರ್ಷ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನನ್ನ ಬಾಳು. ಆ ಕೋಟನ್ನು ಕೇಳಿ ತಂದಿದ್ದೇನೆ.

ರಜೆಗೆ ಪುಟ್ಟಿಯನ್ನು ಕಳಿಸು. ಅವಳು ಡಬ್ಬಿ ಹಿಡಿಯಲಿ, ನಾನು ಹೊಸ ಕಾಲರು ಕೂರಿಸುತ್ತೇನೆ. ಹಳೆಯದನ್ನು ಸುಟ್ಟವರು ಯಾರು ಎಂದು ಅವಳು ಕೇಳುವ ಮೊದಲೇ ಹೇಳುತ್ತೇನೆ. ನನಗೆ ಗೊತ್ತಿರುವ ಬುದ್ಧಿಮಾತು ಇಷ್ಟೇ.

ಅಳಿಯಂದಿರಿಗೆ ನಮ್ಮ ನೆನಪು ತಿಳಿಸು. ಮೂವರೂ ನೂರು ಕಾಲ ಸುಖವಾಗಿರಿ.

ನಿನ್ನ
ಅಮ್ಮ

ಮತ್ತೊಂದು ಮಾತು: ಕೋಟು ಸುಟ್ಟ ಅದೇ ವಾರ ನೀನು ಹಾಲಿನ ಲೋಟ ಒಡೆದು, "ಮೊದಲೇ ಹಾಗಿತ್ತಮ್ಮ" ಅಂದೆ. ಸುಳ್ಳು ಹೇಳ್ತೀಯಾ ಎಂದು ನಾನು ನಿನ್ನ ಕೆನ್ನೆಗೆ ಬಾರಿಸಿದೆ. "ನೀನೂ ಹೇಳಿದ್ಯಲ್ಲ" ಅಂದೆ ನೀನು. ಅದಕ್ಕೆ ಇನ್ನೊಂದು ಏಟು ಬಿತ್ತು. ಮಾರನೆಯ ದಿನದಿಂದ ನೀನು ಆ ಸ್ಟೂಲಿನ ಮೇಲೆ ಕೂರಲಿಲ್ಲ. ಕೇಳಿದವರಿಗೆಲ್ಲ, "ಅವಳಿಗೆ ಹೊಲಿಗೆ ಅಂದ್ರೆ ಮೊದಲಿಂದಲೂ ಆಗಲ್ಲ" ಎಂದು ಹೇಳುತ್ತಲೇ ಬಂದೆ. ಮೊದಲು ಹಾಗಿರಲಿಲ್ಲ, ಗುಬ್ಬಿ.