ಕುಂಕುಮ ಇಟ್ಟ ಬ್ಯಾಟರಿ

ಗದಗ, ಫೆಬ್ರವರಿ ಮೂವತ್ತು, ೨೨೧೭

ಏಳು ತಲೆ ಹಿಂದಿನ ಅಜ್ಜಿಗೆ, ನಿಮ್ಮ ಕುಡಿ ಮಲ್ಲವ್ವ ಮಾಡುವ ನಮಸ್ಕಾರ. ತಾರೀಖು ಕಂಡು ನಗಬೇಡಿ, ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮಗೆ ಕರೆಂಟು ದಿನಕ್ಕೆ ಐದೇ ತಾಸು. ಉಳಿದ ಹೊತ್ತಿಗೆ ಮನೆಗೊಂದು ಬ್ಯಾಟರಿ. ಅದನ್ನು ತುಂಬಿಸುವ ಚಾರ್ಜರ್ ಮಾತ್ರ ಓಣಿಗೆಲ್ಲ ಒಂದು, ‘ತುಂಬುಗ’ ಅನ್ನುತ್ತೇವೆ. ವಾರಕ್ಕೊಂದು ಮನೆಯಲ್ಲಿ ಅದರ ವಾಸ. ಆ ಮನೆಯವರು ಎಲ್ಲರ ಬ್ಯಾಟರಿಯನ್ನೂ ಪಾಳಿಯಂತೆ ತುಂಬಿಸಿ, ಮುಚ್ಚಳಕ್ಕೆ ಕುಂಕುಮವಿಟ್ಟು ಹಿಂದಿರುಗಿಸಬೇಕು. ಕುಂಕುಮ ಬಿದ್ದ ಮೇಲೆ ಯಾರೂ ಮೀಟರ್ ಹಿಡಿದು ನೋಡುವಂತಿಲ್ಲ. ನೋಡಿದರೆ ನೆರೆಯವರನ್ನು ಕಳ್ಳರೆಂದಂತೆ. ಈ ಪದ್ಧತಿ ಹಾಕಿದವರು ನೀವೇ ಎಂದು ನಮ್ಮವ್ವ ಹೆಮ್ಮೆಪಡುತ್ತಿದ್ದಳು.

ಅವ್ವನ ಉಸಿರು ಯಂತ್ರದ ಮೇಲೆ ನಡೆಯುತ್ತಿತ್ತು. ಹೋದ ತಿಂಗಳು ತುಂಬುಗ ಇದ್ದದ್ದು ಪಕ್ಕದ ಮನೆಯ ಸುಗಂಧಾಳ ಹತ್ತಿರ. ಒಂದೇ ತಾಟಿನಲ್ಲಿ ಉಂಡು ಬೆಳೆದವರು ನಾವು. ಅವಳ ಮಗಳ ನಿಶ್ಚಯಕ್ಕೆ ಬೀಗರು ಬರುವವರಿದ್ದರು, ಫ್ಯಾನು ತಿರುಗಬೇಕಿತ್ತು. ಅರ್ಧಕ್ಕೇ ನಮ್ಮ ಬ್ಯಾಟರಿ ಕಳಚಿ ತನ್ನದನ್ನು ಹಚ್ಚಿಕೊಂಡಳು. ನಮ್ಮದಕ್ಕೆ ಕುಂಕುಮವಿಟ್ಟು ತಾನೇ ಹೊತ್ತು ತಂದಳು.

“ತುಂಬೈತಿ ಮಲ್ಲವ್ವಾ, ಕಣ್ಣ ಮುಚ್ಚಿ ಹಚ್ಚು” ಅಂದಳು.

ಅವ್ವನ ಯಂತ್ರಕ್ಕೆ ಹಚ್ಚಿದೆ. ಮೀಟರ್ ಗೂಟಕ್ಕೇ ತೂಗುತ್ತಿತ್ತು, ಕೈ ಹೋಗಲಿಲ್ಲ. ಸಂಜೆತನಕ ಬರಬೇಕಾದ ಬ್ಯಾಟರಿ ಮಧ್ಯಾಹ್ನವೇ ಸತ್ತಿತು. ಅವಳ ಮನೆಗೆ ಓಡಿದರೆ ಬೀಗರ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಅವಳ ಬ್ಯಾಟರಿ ಕಿತ್ತು ತರುವಷ್ಟರಲ್ಲಿ ಅವ್ವ ಹೋಗಿದ್ದಳು. ಆ ಬ್ಯಾಟರಿಯ ಮೇಲೆ ಯಾರ ಜೀವ ನಿಂತಿದೆ ಎಂಬುದು ಸುಗಂಧಾಗೆ ಗೊತ್ತಿತ್ತು. ನಂಬಿಸಿ ಕುತ್ತಿಗೆ ಕೊಯ್ದಳು, ಅಜ್ಜಿ. ನನಗೆ ನಿಮ್ಮ ಮೇಲೂ ಸಿಟ್ಟಿದೆ. ನಂಬಿಕೆಯನ್ನು ಕಲಿಸಿದಿರಿ, ನೋಡಿ ನಂಬುವುದನ್ನು ಕಲಿಸಲಿಲ್ಲ.

ಈ ವಾರ ತುಂಬುಗ ನಮ್ಮ ಮನೆಯಲ್ಲಿದೆ. ನಿನ್ನೆ ಸುಗಂಧಾ ತನ್ನ ಬ್ಯಾಟರಿ ತಂದಿಟ್ಟು ತಲೆ ತಗ್ಗಿಸಿ ನಿಂತಳು. ಪೂರ್ತಿ ತುಂಬಿಸಿದೆ. ಅರ್ಧಕ್ಕೆ ಕಳಚುವ ಮನಸ್ಸು ಬಂದಿತ್ತು, ಸುಳ್ಳೇಕೆ ಹೇಳಲಿ. ಕುಂಕುಮ ಮಾತ್ರ ಇಡಲಿಲ್ಲ. ಓಣಿಯವರ ಎದುರು ಮೀಟರ್ ಹಿಡಿದು, ನೋಡಿಕೊಂಡು ಒಯ್ಯಿ ಅಂದೆ. ಅವಳು ಅಳುತ್ತಾ ಒಯ್ದಳು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೆರೆಯವರ ಬ್ಯಾಟರಿ ತುಂಬಿಸಿದಾಗ ಮೊದಲು ಅಳೆದು ತೋರಿಸಿ, ಆಮೇಲೆ ಕುಂಕುಮ ಇಡಿ. ಪದ್ಧತಿ ಹಾಕುವಾಗಲೇ ಹೀಗೆ ಹಾಕಿ. ನಿಮ್ಮ ಕಾಲಕ್ಕೆ ನಮ್ಮವ್ವ ಇನ್ನೂ ಹುಟ್ಟಿಲ್ಲ, ಸತ್ತೂ ಇಲ್ಲ.